ಮಾವನ ಗೋಧಿ

ಮೂಡುಬಿದಿರೆಯ ಆ ಮನೆಯಲ್ಲಿ ನೋವು ಎಂಬ ಶಬ್ದವನ್ನು ಹೇಳಬಾರದಿತ್ತು. ಅದು ದೊಡ್ಡ ಮಾವ ಮಾಡಿದ ಕಾನೂನು. ಹೊಟ್ಟೆ ಮನಸ್ಸಿನ ಮಾತು ಕೇಳುತ್ತದೆ, ನೀನು ನೋವು ಎಂದರೆ ಅದೂ ಹೌದೆನ್ನುತ್ತದೆ ಎಂದು ಅವರು ನಂಬಿದ್ದರು. ನಾನು ಬಾಯಿ ತಪ್ಪಿ ಆ ಶಬ್ದ ಹೇಳಿದರೆ ದೇವರ ಕೋಣೆಯ ಹೊರಗೆ ಗೋಡೆಗೆ ಮುಖ ಮಾಡಿ ಮೌನದಲ್ಲಿ ಕೂರಬೇಕಿತ್ತು. ಮೌನವೆಂದರೆ ನಮ್ಮ ಜೈನರ ಮನೆಗಳಲ್ಲಿ ಹಿರಿಯರು ತಾವಾಗಿ ಹಿಡಿಯುವ ವ್ರತ. ನನಗೆ ಅದು ಶಿಕ್ಷೆಯಾಗಿ ಸಿಕ್ಕಿತು. ಹೊಟ್ಟೆ ಹಿಂಡುತ್ತಿರುವಾಗ ಬಾಯಿ ಮುಚ್ಚಿ ಕೂತು ಗೋಡೆಯ ಸುಣ್ಣದ ಬಿರುಕುಗಳನ್ನು ನೋಡುವುದು ನನಗೆ ಚೆನ್ನಾಗಿ ಅಭ್ಯಾಸವಾಯಿತು. ಇವತ್ತಿಗೂ ವೈದ್ಯರು ಎಲ್ಲಿ ನೋವು ಎಂದು ಕೇಳಿದರೆ ತಕ್ಷಣ ಉತ್ತರ ಬರುವುದಿಲ್ಲ. ಮೊದಲು ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ ಎಂದು ಬಾಗಿಲ ಕಡೆ ನೋಡುತ್ತೇನೆ. ಈ ಅಧ್ಯಾಯವನ್ನು ಕ್ಷಮಿಸುವುದಕ್ಕಾಗಿ ಬರೆಯುತ್ತಿಲ್ಲ. ಮಾವ ಬದುಕಿರುವಾಗಲೇ ಇದು ಅಚ್ಚಾಗಬೇಕೆಂಬುದು ನನ್ನ ಆಸೆ. ಕನ್ನಡಕ ಹಾಕಿದರೆ ಅವರಿಗೆ ಇನ್ನೂ ಓದಲಿಕ್ಕಾಗುತ್ತದೆ.

ಅಪ್ಪ ತೀರಿಹೋದ ಮೇಲೆ ಅಮ್ಮ ನನ್ನನ್ನೂ ಕೈಕೂಸಾಗಿದ್ದ ತಂಗಿ ಪದ್ಮಳನ್ನೂ ಕರೆದುಕೊಂಡು ತನ್ನ ಅಣ್ಣನ ಮನೆಗೆ ಬಂದಳು. ನಮ್ಮದು ಅಳಿಯಸಂತಾನದ ಮನೆ. ತಂಗಿಯ ಮಕ್ಕಳೆಂದರೆ ಸೋದರಮಾವನ ಮನೆಯವರೇ. ಹಾಗಾಗಿ ನಮ್ಮನ್ನು ಯಾರೂ ಹಂಗಿನವರೆಂದು ಕಾಣಲಿಲ್ಲ. ತೊಂದರೆಯಾದದ್ದೇ ಅದರಿಂದ. ಹಂಗಿನ ಮಕ್ಕಳಾಗಿದ್ದರೆ ಮನೆಯವರು ನಮ್ಮನ್ನು ಆಗಾಗ ಮರೆಯುತ್ತಿದ್ದರು. ಮದುವೆಯಾಗದ ಮಾವನಿಗೆ ನಾವು ಪೂರ್ತಿಯಾಗಿ ಸೇರಿದ್ದೆವು, ನಮ್ಮ ಕರುಳು ಸಮೇತ. ಮನೆ ಬಸದಿಯ ಬೀದಿಯಲ್ಲಿತ್ತು. ಎದುರಿಗೆ ಉದ್ದನೆಯ ಜಗಲಿ, ಜಗಲಿಯಲ್ಲಿ ಹಲಸಿನ ಹಲಗೆಯ ಬೆಂಚುಗಳು, ಒಳಗೆ ನಡುಮನೆ, ಹಿಂದೆ ಅಡುಗೆಮನೆ. ಅಡುಗೆಮನೆಯ ಕಿಟಕಿ ಪಡುವಣಕ್ಕಿತ್ತು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ, ಆದ್ದರಿಂದ ಅಮ್ಮ ಗಡಿಯಾರ ನೋಡುತ್ತಿರಲಿಲ್ಲ. ಕಿಟಕಿಯ ಬೆಳಕು ಹಳದಿಗೆ ತಿರುಗಿತೆಂದರೆ ತಟ್ಟೆಗಳು ನೆಲಕ್ಕೆ ಬರುತ್ತಿದ್ದವು. ಆ ನಿಯಮದ ಮೇಲೆ ನನಗೆ ದೂರಿಲ್ಲ, ಇಂದಿಗೂ ನಾನು ಬೆಳಕಿರುವಾಗಲೇ ಉಣ್ಣುತ್ತೇನೆ. ನನ್ನ ದೂರು ತಟ್ಟೆಯಲ್ಲಿದ್ದುದರ ಮೇಲೆ.

ದೊಡ್ಡ ಮಾವನಿಗೆ ಪೇಟೆಯಲ್ಲಿ ಜವಳಿ ಅಂಗಡಿ ಇತ್ತು. ದಿನವಿಡೀ ಗಾದಿಯ ಮೇಲೆ ಕೂತು ಬಟ್ಟೆ ಹರಿದುಕೊಡುವ ಕೆಲಸ. ಊಟ ಹೊತ್ತಿಗೆ ಸರಿಯಾಗಿ ಆಗುತ್ತಿರಲಿಲ್ಲ, ಹೊಟ್ಟೆ ಸದಾ ಉಬ್ಬರ. ಅವರು ತೇಗುವ ಶಬ್ದ ಬೀದಿಯ ತುದಿಗೆ ಕೇಳುತ್ತಿತ್ತೆಂದು ಅಮ್ಮ ಹೇಳುತ್ತಿದ್ದಳು. ಒಮ್ಮೆ ಅವರು ಊರಿನ ಯಾತ್ರಿಕರೊಡನೆ ಉತ್ತರದ ಕ್ಷೇತ್ರಗಳಿಗೆ ಹೋದರು. ಅಲ್ಲಿ ದಿನವೂ ಬೆಟ್ಟ ಹತ್ತಿದರು, ಇಳಿದರು, ಧರ್ಮಶಾಲೆಯಲ್ಲಿ ರೊಟ್ಟಿ ತಿಂದರು. ಉಬ್ಬರ ಮಾಯವಾಯಿತು. ಆ ಕೀರ್ತಿ ನಡಿಗೆಗೆ ಸೇರಬೇಕಿತ್ತು ಎಂದು ನಾನೀಗ ತಿಳಿದಿದ್ದೇನೆ. ಮಾವ ಅದನ್ನು ರೊಟ್ಟಿಗೆ ಕೊಟ್ಟರು. ಊರಿಗೆ ಮರಳಿದವರೇ ಅಕ್ಕಿಯ ಮೇಲೆ ಯುದ್ಧ ಸಾರಿದರು. ಕುಚ್ಚಲಕ್ಕಿ ಗಂಜಿ, ನೀರುದೋಸೆ, ಅಕ್ಕಿತರಿಯ ಉಂಡೆ ಪುಂಡಿ, ಎಲ್ಲ ಗಾಳಿಯ ಗಂಟುಗಳೆಂದರು. ನಮ್ಮ ಸೀಮೆಯಲ್ಲಿ ಗೋಧಿ ಎಂದರೆ ಉಪವಾಸದ ದಿನದ ತಿಂಡಿ ಅಥವಾ ಹಬ್ಬದ ಪಾಯಸ. ನಮ್ಮ ಮನೆಯಲ್ಲಿ ಮಾತ್ರ ಅದು ಬೆಳಿಗ್ಗೆ ಕಡಿಯ ಗಂಜಿಯಾಗಿ, ಮಧ್ಯಾಹ್ನ ಚಪಾತಿಯಾಗಿ, ಸಂಜೆ ಬೆಲ್ಲ ಹಾಕಿದ ಮಣ್ಣಿಯಾಗಿ ಬಂತು. ಉಣ್ಣುವಾಗ ಮಾತಿಲ್ಲ, ಉಂಡ ಮೇಲೆ ಮೊಣಕಾಲು ಮಡಚಿ ವಜ್ರಾಸನ, ಆಮೇಲೆ ಅಂಗಳದಲ್ಲಿ ಸುತ್ತು.

ಇದು ನಮ್ಮ ಮನೆಯೊಳಗೇ ಉಳಿದಿದ್ದರೆ ಬೇರೆ ಮಾತು. ಭಾನುವಾರ ಅಂಗಡಿಗೆ ರಜೆ. ಅವತ್ತು ಬೆಳಿಗ್ಗೆ ಜಗಲಿಯ ಬೆಂಚುಗಳಲ್ಲಿ ಹೊಟ್ಟೆ ಕೆಟ್ಟವರು ಬಂದು ಕೂರತೊಡಗಿದರು. ವೇಣೂರಿನಿಂದ, ಬೆಳ್ತಂಗಡಿ ಕಡೆಯಿಂದ, ಬಂಟ್ವಾಳದಿಂದ. ಮನೆಯೊಳಗೆ ನಾವೆಲ್ಲ ತುಳು ಮಾತಾಡುತ್ತಿದ್ದೆವು, ಮಾವ ಜಗಲಿಗೆ ಹೋದೊಡನೆ ಪುಸ್ತಕದ ಕನ್ನಡಕ್ಕೆ ತಿರುಗುತ್ತಿದ್ದರು. ಸಾಕ್ಷಿ ಹೇಳುವವಳು ಪೂರ್ತಿ ಹೇಳಬೇಕು, ಅದಕ್ಕಾಗಿ ಇದನ್ನೂ ಬರೆಯುತ್ತೇನೆ: ಅವರ ಉಪದೇಶದಲ್ಲಿ ಒಳ್ಳೆಯದಿತ್ತು. ಹೊತ್ತಿಗೆ ಸರಿಯಾಗಿ ಉಣ್ಣಿ, ಜಗಿದು ಉಣ್ಣಿ, ಖಾರ ಮತ್ತು ಚಹಾ ಕಡಿಮೆ ಮಾಡಿ, ಉಂಡು ಮಲಗಬೇಡಿ, ನಡೆಯಿರಿ. ಇದರಿಂದ ಹಲವರಿಗೆ ಗುಣವಾಯಿತು. ಅವರು ದುಡ್ಡು ಮುಟ್ಟುತ್ತಿರಲಿಲ್ಲ. ಗುಣವಾದವರು ಕೈಮುಗಿದು ಹೋಗುತ್ತಿದ್ದರು. ಆ ಕೈಮುಗಿದ ದೃಶ್ಯ ಮಾವನಿಗೆ ತಾವು ತಿನ್ನುವ ಗೋಧಿಗಿಂತ ಹೆಚ್ಚು ಮೈಗೆ ಹತ್ತಿತು.

ನನ್ನ ಹೊಟ್ಟೆ ಯಾವಾಗ ಕೆಟ್ಟಿತೆಂದು ಅಮ್ಮನಿಗೆ ಸರಿಯಾಗಿ ನೆನಪಿರಲಿಲ್ಲ. ಗೋಧಿ ಬಂದ ಮೇಲೆ ಎಂಬುದು ಅವಳಿಗೆ ಗೊತ್ತಿತ್ತು. ತಿಂದದ್ದು ನಿಲ್ಲುತ್ತಿರಲಿಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಬಿಗಿದ ಚೆಂಡು. ತುಟಿಯ ಮೂಲೆ ಒಡೆದು ಹುಣ್ಣು. ಶಾಲೆಯಲ್ಲಿ ಬೆಂಚಿನ ತುದಿಯಲ್ಲಿ ಕೂರುತ್ತಿದ್ದೆ, ಹೊರಗೆ ಓಡಲಿಕ್ಕೆ ಸುಲಭವಾಗಲಿ ಎಂದು. ಮಾವ ನನ್ನನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. ಶಕ್ತಿ ಸಾಲದು ಎಂದರು. ಶಕ್ತಿಗೆ ಗೋಧಿ. ಗೋಧಿ ಹೆಚ್ಚಿದಷ್ಟು ನಾನು ಸೊರಗಿದೆ, ನಾನು ಸೊರಗಿದಷ್ಟು ಗೋಧಿ ಹೆಚ್ಚಿತು. ಅವರು ತಮ್ಮ ಕೈಯಾರೆ ಚಪಾತಿಯನ್ನು ಹಾಲಿನಲ್ಲಿ ಕಿವುಚಿ ತುತ್ತು ಮಾಡಿ ನನಗೆ ಉಣ್ಣಿಸುತ್ತಿದ್ದರು. ನಾನು ಬಾಯಿ ಬಿಗಿದರೆ ಗದರುತ್ತಿರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಕಾಯುತ್ತಿದ್ದರು. ಗದರಿದ್ದರೆ ನಾನು ಉಗುಳಿಬಿಡುತ್ತಿದ್ದೆ.

ಅಮ್ಮ ಒಮ್ಮೆ ಮಾತ್ರ ಎದುರು ನಿಂತಳು. ಮಾವ ಅಂಗಡಿಗೆ ಹೋಗಿದ್ದಾಗ ನೆರೆಮನೆಯಿಂದ ಕುಚ್ಚಲಕ್ಕಿ ಗಂಜಿಯ ತೆಳಿ ತಂದು ಉಪ್ಪು ಹಾಕಿ ಕುಡಿಸುತ್ತಿದ್ದಳು. ಕೆಲವು ದಿನ ನಡೆಯಿತು. ಹೊಟ್ಟೆ ಸ್ವಲ್ಪ ಸುಮ್ಮನಾಯಿತು. ಒಂದು ದಿನ ಮಾವ ಮರೆತ ಕನ್ನಡಕಕ್ಕಾಗಿ ನಡುಹೊತ್ತಿನಲ್ಲೇ ಮನೆಗೆ ಬಂದವರು ಲೋಟವನ್ನು ಮೂಸಿ ನೋಡಿದರು.

"ಇದು ಏನು?"

"ತೆಳಿ ಅಣ್ಣ. ಮಗುವಿಗೆ ಅದು ಆಗ್ತದೆ. ನಾನು ನೋಡಿದ್ದೇನೆ."

"ನೀನು ನೋಡಿದ್ದು ನನಗೆ ಗೊತ್ತುಂಟು. ಗಂಡನಿಗೂ ಹಾಗೇ ನೋಡಿ ನೋಡಿ ಕೊಟ್ಟೆ, ಕಳಕೊಂಡೆ. ಈಗ ಮಗಳಾ?"

ಅಪ್ಪ ಹೋದದ್ದು ಜ್ವರದಿಂದ. ಗಂಜಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅಮ್ಮನ ಮುಖ ಹೇಗಾಯಿತೆಂದು ನಾನು ನೋಡಿದೆ. ಅವಳು ಲೋಟವನ್ನು ಎತ್ತಿಕೊಂಡು ಹೋಗಿ ತೆಳಿಯನ್ನು ಬಚ್ಚಲಿಗೆ ಚೆಲ್ಲಿ ಲೋಟ ತೊಳೆದು ಕವುಚಿಟ್ಟಳು. ಆ ಮೇಲೆ ಸಾಯುವವರೆಗೂ ಅವಳು ಅಣ್ಣನ ಮಾತಿಗೆ ಎದುರಾಡಲಿಲ್ಲ. ನನ್ನ ಕರುಳಿಗಾದದ್ದನ್ನು ಒಂದು ವೇಳೆ ಬಿಟ್ಟುಬಿಡಬಹುದು. ಆ ಮಾತನ್ನು ಬಿಡಲಿಕ್ಕಾಗುವುದಿಲ್ಲ.

ಬೇಸಿಗೆ ರಜೆಯಲ್ಲಿ ನನ್ನನ್ನು ಪಾಣೆಮಂಗಳೂರಿಗೆ, ಅಪ್ಪನ ತಾಯಿಯ ಮನೆಗೆ ಕಳಿಸಿದರು. ಆ ಅಜ್ಜಿಗೆ ಪಥ್ಯ ಗೊತ್ತಿರಲಿಲ್ಲ, ಔಷಧ ಗೊತ್ತಿರಲಿಲ್ಲ. ಮನೆಯಲ್ಲಿ ಅಕ್ಕಿ ಬಿಟ್ಟು ಬೇರೆ ಇರಲಿಲ್ಲ, ಅದನ್ನೇ ಹಾಕಿದಳು. ಬೆಳಿಗ್ಗೆ ಗಂಜಿ, ಗಂಜಿಗೆ ಮಾವಿನಮಿಡಿ ಉಪ್ಪಿನಕಾಯಿ, ಮಧ್ಯಾಹ್ನ ಅನ್ನ, ಸಂಜೆಗೆ ಒತ್ತುಶ್ಯಾವಿಗೆ. ನೇತ್ರಾವತಿಯಲ್ಲಿ ನೀರು ಇಳಿದಿತ್ತು. ಮರಳಿನಲ್ಲಿ ನಾನು ಓಡುತ್ತಿದ್ದೆ. ಓಡುತ್ತಿದ್ದೇನೆ ಎಂಬುದು ನನಗೇ ಆಶ್ಚರ್ಯವಾಗಿ ನಡುವೆ ನಿಂತುಬಿಡುತ್ತಿದ್ದೆ. ಹೊಟ್ಟೆ ಎಂಬುದೊಂದು ಇದೆ ಎಂದು ದಿನದಲ್ಲಿ ನೆನಪೇ ಆಗದ ಹೊತ್ತುಗಳಿದ್ದವು. ರಜೆ ಮುಗಿಸಿ ಮೂಡುಬಿದಿರೆಗೆ ಬಂದಾಗ ಲಂಗ ಸೊಂಟಕ್ಕೆ ಬಿಗಿಯಾಗುತ್ತಿತ್ತು, ಕೆನ್ನೆ ತುಂಬಿತ್ತು. ಮಾವ ನನ್ನನ್ನು ನೋಡಿ ಸಂತೋಷದಿಂದ ಅತ್ತರು. ಮುಂದಿನ ಭಾನುವಾರ ನನ್ನ ಕೈಹಿಡಿದು ಜಗಲಿಗೆ ಕರೆತಂದು ಬೆಂಚುಗಳ ನಡುವೆ ನಿಲ್ಲಿಸಿದರು.

"ನೋಡಿ. ಕಳೆದ ಸಲ ಈ ಮಗುವನ್ನು ಕಂಡವರು ಇದ್ದೀರಲ್ಲ? ಗೋಧಿಯ ಗುಣ ನಿಧಾನಕ್ಕೆ ಹಿಡಿಯುವುದು."

ನಾನು ಹೇಳಿದೆ. ಅಷ್ಟು ಜನರ ಎದುರು, ಸ್ಪಷ್ಟವಾಗಿ ಹೇಳಿದೆ.

"ಅಜ್ಜಿಯ ಮನೆಯಲ್ಲಿ ಗೋಧಿ ಇರಲಿಲ್ಲ ಮಾವ. ನಾನು ಗಂಜಿ ಉಂಡದ್ದು."

ಮಾವ ನನ್ನ ತಲೆ ಸವರಿದರು.

"ಮಗಾ, ಬೇರಿಗೆ ನೀರು ಹಾಕಿದ್ದು ಇಲ್ಲಿ. ಹೂವು ಬಿಟ್ಟದ್ದು ಅಲ್ಲಿ. ಹೂವಿಗೆ ಏನು ಗೊತ್ತುಂಟು?"

ಜಗಲಿ ಪೂರ್ತಿ ನಕ್ಕಿತು. ಬೆಳ್ತಂಗಡಿಯ ಕಡೆಯ ಒಬ್ಬರು, ಒಳ್ಳೆಯ ಮನುಷ್ಯರಂತೆ ಕಂಡವರು, ತೊಡೆ ತಟ್ಟಿ, "ಎಂಥಾ ಮಾತು ಮಾರಾಯ್ರೆ!" ಎಂದರು. ಅವತ್ತು ಸಂಜೆ ಗೋಧಿಯ ಮಣ್ಣಿ ತಿಂದೆ. ಮಳೆಗಾಲ ಮುಗಿಯುವ ಹೊತ್ತಿಗೆ ಲಂಗ ಮತ್ತೆ ಸಡಿಲವಾಗಿತ್ತು. ಆದರೆ ಆ ನಗು ನನ್ನೊಳಗೆ ಮಾಡಿದ ಕೆಲಸ ಗೋಧಿ ಮಾಡಿದ್ದಕ್ಕಿಂತ ಹೆಚ್ಚಿನದು. ನನ್ನ ಮೈಗೆ ಏನಾಗುತ್ತಿದೆ ಎಂಬುದು ನನಗೆ ಗೊತ್ತಾಗುವಂಥದ್ದಲ್ಲ, ಅದನ್ನು ಬೇರೆಯವರು ಹೇಳಬೇಕು ಎಂದು ನಾನು ನಂಬಿದೆ. ಓದು ಮುಗಿಸಿ ಬಂಟ್ವಾಳದ ಕೋರ್ಟಿನಲ್ಲಿ ಬೆರಳಚ್ಚಿನ ಕೆಲಸಕ್ಕೆ ಸೇರಿದೆ, ಮೆಲ್ಕಾರಿನಲ್ಲಿ ಒಂದು ಬಾಡಿಗೆ ಮನೆ ಹಿಡಿದೆ. ಅಲ್ಲಿ ನನ್ನನ್ನು ಕೇಳುವವರಿರಲಿಲ್ಲ. ಅನ್ನ ಬೇಯಿಸಿಕೊಳ್ಳಬಹುದಿತ್ತು. ಆದರೂ ದಿನವೂ ಬೆಳಕಿರುವಾಗ ಚಪಾತಿ ಲಟ್ಟಿಸಿ ತಿನ್ನುತ್ತಿದ್ದೆ, ತಿಂದು ಹೊಟ್ಟೆ ಹಿಡಿದುಕೊಂಡು ಮೌನದಲ್ಲಿ ಕೂರುತ್ತಿದ್ದೆ. ಬೇರೆಯವರ ಸಾಕ್ಷಿಯನ್ನು ಒಂದಕ್ಷರ ತಪ್ಪದೆ ಟೈಪು ಮಾಡುತ್ತಿದ್ದವಳು ನನ್ನ ಸಾಕ್ಷಿಯನ್ನು ನಾನೇ ನಂಬಲಿಲ್ಲ.

ನಿವೃತ್ತಿಗೆ ಹತ್ತಿರವಾದಾಗ ಅಂಗಳದಲ್ಲಿ ಕಾಲು ಜಾರಿ ಕೈಯೂರಿದೆ, ಅಷ್ಟಕ್ಕೇ ಮಣಿಕಟ್ಟು ಮುರಿಯಿತು. ಮಂಗಳೂರಿನ ವೈದ್ಯೆಯೊಬ್ಬಳು, ನನಗೊಬ್ಬಳು ಮಗಳಿದ್ದರೆ ಅವಳ ವಯಸ್ಸಿನವಳು, ಎಲುಬಿನ ಚಿತ್ರ ನೋಡಿ, ರಕ್ತ ನೋಡಿ, ಕೊನೆಗೆ ನನ್ನ ಮುಖ ನೋಡಿ ಹೊಟ್ಟೆಯ ವಿಷಯ ಕೇಳಿದಳು. ನಾನು ಬಾಗಿಲ ಕಡೆ ನೋಡಿದೆ. ಅವಳು ಕಾದಳು. ಪರೀಕ್ಷೆಗಳಾದ ಮೇಲೆ ಹೇಳಿದಳು:

"ಇದಕ್ಕೆ ಸೀಲಿಯಾಕ್ ಅಂತ ಹೆಸರು. ಗೋಧಿಯಲ್ಲಿರುವ ಅಂಟು ನಿಮ್ಮ ಕರುಳಿಗೆ ಆಗುವುದಿಲ್ಲ. ತಿಂದಷ್ಟೂ ಒಳಗಿನ ಪದರ ಸವೆಯುತ್ತದೆ. ಮತ್ತೆ ಉಂಡದ್ದು ಮೈಗೆ ಸೇರುವುದಿಲ್ಲ, ಎಲುಬಿಗೂ ಇಲ್ಲ."

"ಮದ್ದು?"

"ಮಾತ್ರೆ ಇಲ್ಲ ಅಮ್ಮ. ಗೋಧಿ, ಮೈದಾ, ರವೆ, ಬಾರ್ಲಿ ಪೂರ್ತಿ ಬಿಡಬೇಕು. ಪೇಟೆಯ ಇಂಗಿನಲ್ಲೂ ಗೋಧಿಹಿಟ್ಟು ಇರ್ತದೆ, ನೋಡಿ ತಗೊಳ್ಳಿ. ಅನ್ನ ಉಣ್ಣಿ, ಗಂಜಿ ಕುಡೀರಿ, ಎಷ್ಟು ಬೇಕಾದರೂ."

ನಾನು ಅವಳೆದುರು ನಕ್ಕದ್ದು ನೆನಪಿದೆ. ಅವಳು ಹೆದರಿದಳು. ಈ ರೋಗ ಮನೆತನದಲ್ಲಿ ಇಳಿದು ಬರಬಹುದು, ಹತ್ತಿರದವರನ್ನೂ ಪರೀಕ್ಷಿಸಿ ಎಂದಳು. ಅವತ್ತೇ ಪದ್ಮಳಿಗೆ ಫೋನು ಮಾಡಿದೆ. ಪದ್ಮ ಈಗಲೂ ಆ ಮನೆಯಲ್ಲೇ ಇದ್ದಾಳೆ, ಮಾವನನ್ನು ನೋಡಿಕೊಂಡು. ಅವಳ ಮಗಳಿಗೆ ಬೆಳ್ತಂಗಡಿಯಲ್ಲಿ ಬ್ಯಾಂಕಿನ ಕೆಲಸ, ಆ ಮಗಳ ಮಗು ಅನ್ವಿ ವಾರವಿಡೀ ಅಜ್ಜಿ ಪದ್ಮಳ ಹತ್ತಿರ.

"ನನಗೇನೂ ಇಲ್ಲ ಅಕ್ಕ," ಎಂದಳು ಪದ್ಮ. "ಅನ್ವಿಯದ್ದೇ ಚಿಂತೆ. ಸಪೂರ ಆಗಿದೆ ಮಗು, ಹೊಟ್ಟೆ ಉಬ್ಬಿ ಉಬ್ಬಿ ಬರ್ತದೆ. ಮಾವ ನೋಡ್ತಾ ಇದ್ದಾರೆ, ನೀನು ಹೆದರಬೇಡ."

ನಾನು ಸಿದ್ಧಕಟ್ಟೆ ದಾರಿಯಲ್ಲಿ ಮೂಡುಬಿದಿರೆಗೆ ಹೋಗುವ ಬಸ್ಸು ಹಿಡಿದೆ. ಮುರಿದ ಕೈ ಇನ್ನೂ ಪಟ್ಟಿಯಲ್ಲಿತ್ತು. ಮನೆಯೊಳಗೆ ಕಾಲಿಟ್ಟಾಗ ಮಧ್ಯಾಹ್ನದ ಊಟದ ಹೊತ್ತು. ನಡುಮನೆಯಲ್ಲಿ ಮಾವ ಕೂತಿದ್ದರು. ಬೆನ್ನು ಬಾಗಿದೆ, ಕೈ ನಡುಗುತ್ತದೆ, ಆದರೂ ಚಪಾತಿಯನ್ನು ಹಾಲಿನಲ್ಲಿ ಕಿವುಚುವ ಬೆರಳುಗಳು ಅವೇ. ಎದುರಿಗೆ ಅನ್ವಿ. ತೋಳು ಕಡ್ಡಿ, ಹೊಟ್ಟೆ ಚೆಂಡು, ತುಟಿಯ ಮೂಲೆಯಲ್ಲಿ ಹುಣ್ಣು. ನಾನು ಏನೂ ಮಾತಾಡದೆ ತಟ್ಟೆಯನ್ನು ಎಳೆದುಕೊಂಡೆ. ಹಾಲು ನೆಲಕ್ಕೆ ಚೆಲ್ಲಿತು. ಮಗು ಅಳತೊಡಗಿತು, ಪದ್ಮ ಓಡಿ ಬಂದಳು. ನಾನು ಪಟ್ಟಿಯ ಕೈಯಿಂದ ತಟ್ಟೆಯನ್ನು ಎದೆಗೆ ಒತ್ತಿ ಹಿಡಿದುಕೊಂಡೇ ವೈದ್ಯೆಗೆ ಫೋನು ಮಾಡಿದೆ. ನನಗೆ ಮಾವನ ಎದುರು ಅವಳ ಬಾಯಿಂದ ಹೇಳಿಸಬೇಕಿತ್ತು, ಆದ್ದರಿಂದ ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟೆ.

"ಮಗುವಿಗೆ ಈಗಿಂದಲೇ ಗೋಧಿ ನಿಲ್ಲಿಸ್ತೇನೆ ಡಾಕ್ಟ್ರೇ," ಎಂದೆ.

"ಬೇಡ ಅಮ್ಮ, ನಿಲ್ಲಿಸಬೇಡಿ. ಈಗ ನಿಲ್ಲಿಸಿದರೆ ಪರೀಕ್ಷೆಯಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ. ಪರೀಕ್ಷೆ ಎಲ್ಲ ಮುಗಿಯುವವರೆಗೆ ಈಗ ತಿನ್ನುವಷ್ಟು ತಿನ್ನಲಿ. ಬೇಗ ಕರಕೊಂಡು ಬನ್ನಿ."

ನಾನು ಇಡೀ ಆಯುಷ್ಯ ಕಾದಿದ್ದ ಕ್ಷಣದಲ್ಲಿ ನನ್ನ ಕೈಯಿಂದಲೇ ತಟ್ಟೆಯನ್ನು ಮತ್ತೆ ನೆಲಕ್ಕಿಡಬೇಕಾಯಿತು. ಮಾವ ಕೈ ಹಿಂದಕ್ಕೆಳೆದುಕೊಂಡಿದ್ದರು. ಪದ್ಮ ಅಳುತ್ತಿದ್ದಳು. ಬೇರೆ ಯಾರೂ ಇರಲಿಲ್ಲ. ನಾನು ಕೂತೆ, ಸರಿಯಾಗಿದ್ದ ಕೈಯಿಂದ ಚಪಾತಿ ಹರಿದು ತುತ್ತು ಮಾಡಿ ಮಗುವಿನ ಬಾಯಿಗಿಟ್ಟೆ. ಅದು ನನ್ನನ್ನು ನೋಡಿಕೊಂಡೇ ನುಂಗಿತು. ನನಗೂ ಕಣ್ಣಲ್ಲಿ ನೀರು ಬಂತು, ಅದಕ್ಕೆ ನನಗೆ ಸಿಟ್ಟು ಬಂತು.

"ನೋಡು ಸುಮತಿ," ಎಂದರು ಮಾವ, ಮೆಲ್ಲಗೆ. "ಕಡೆಗೆ ನೀನೂ ಅದನ್ನೇ ಕೊಟ್ಟೆ."

ರಕ್ತ ಪರೀಕ್ಷೆಯಾಯಿತು, ಬಾಯಿಯಿಂದ ಕೊಳವೆ ಇಳಿಸಿ ಕರುಳಿನ ಚೂರು ತೆಗೆದು ನೋಡಿದರು. ಅದುವೇ. ಗೋಧಿ ಮನೆಯಿಂದ ಹೊರಗೆ ಹೋಯಿತು. ಪದ್ಮ ಡಬ್ಬಿಗಳನ್ನೆಲ್ಲ ತೊಳೆದು ಒಣಗಿಸಿದಳು, ಲಟ್ಟಣಿಗೆಯನ್ನು ಒಲೆಗೆ ಹಾಕಿದಳು. ನಾನು ವರದಿಯನ್ನು ಮಾವನ ಎದುರು ಓದಿ ಹೇಳಿದೆ, ಶಬ್ದ ಶಬ್ದ ಬಿಡಿಸಿ. ಅವರು ಬಹಳ ಹೊತ್ತು ಅಂಗೈ ನೋಡಿಕೊಂಡರು.

"ನಾನು ಪ್ರೀತಿಯಿಂದ ಕೊಟ್ಟದ್ದಲ್ವಾ ಮಗಾ?"

"ಗೊತ್ತುಂಟು ಮಾವ. ಪ್ರೀತಿಯಿಂದ ಕೊಟ್ಟದ್ದಕ್ಕೇ ನಿಮ್ಮನ್ನು ಯಾರೂ ತಡೆಯಲಿಲ್ಲ."

ಇನ್ನು ಮುಗಿಯಿತಲ್ಲ ಎಂದು ಪದ್ಮ ಅಂದುಕೊಂಡಳು. ಮುಗಿದಿರಲಿಲ್ಲ. ಜಗಲಿಯಲ್ಲಿ ಭಾನುವಾರ ಇನ್ನೂ ಜನ ಕೂರುತ್ತಿದ್ದರು. ಹಳಬರ ಮಕ್ಕಳು, ಮೊಮ್ಮಕ್ಕಳು, ವಾಟ್ಸಾಪಿನಲ್ಲಿ ಮಾವನ ಮಾತು ಕೇಳಿ ಬಂದವರು. ಯಾರಿಗೂ ಏನೂ ಗೊತ್ತಿರಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಬಂದು ನಾನು ಮಾವನ ಎದುರಿನ ಬೆಂಚಿನಲ್ಲಿ ಕೂರತೊಡಗಿದೆ. ಅವರು ಯಾರಿಗಾದರೂ ಗೋಧಿ ಎಂದರೆ ಅದರ ಹಿಂದೆಯೇ ನಾನು ಹೇಳುತ್ತಿದ್ದೆ: ಹೆಚ್ಚಿನವರಿಗೆ ಗೋಧಿಯಿಂದ ಏನೂ ಆಗುವುದಿಲ್ಲ, ಆದರೆ ಕೆಲವರಿಗೆ ಅದು ವಿಷ, ಬಹಳ ಕಾಲದಿಂದ ಹೊಟ್ಟೆ ಕೆಟ್ಟಿದ್ದರೆ ಮೊದಲು ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿ. ಒಂದು ಶಬ್ದ ಹೆಚ್ಚು ಹೇಳಲಿಲ್ಲ. ಸುಳ್ಳು ಹೇಳಿ ಸೇಡು ತೀರಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ, ನಿಜವೇ ಸಾಕಿತ್ತು. ಜನ ಮೊದಲು ಮಾವನನ್ನು ನೋಡಿದರು. ಬರಬರುತ್ತಾ ನನ್ನ ಕಡೆ ತಿರುಗಿ ಕೂರತೊಡಗಿದರು. ಮಾವನ ಪುಸ್ತಕದ ಕನ್ನಡ ತಡವರಿಸಿತು.

"ಅಕ್ಕ, ಸಾಕು ಮಾರಾಯ್ತಿ," ಎಂದಳು ಪದ್ಮ ಅಡುಗೆಮನೆಯಲ್ಲಿ. "ಎಂಥ ಮನಸ್ಸು ನಿನ್ನದು! ರಾತ್ರಿ ಅವರು ನಿದ್ದೆ ಮಾಡುವುದಿಲ್ಲ."

"ಹೊಟ್ಟೆ ನೋವಾ?" ಎಂದು ಕೇಳಿದೆ.

ಅವಳು ನನ್ನನ್ನು ದಿಟ್ಟಿಸಿ ನೋಡಿ ಪಾತ್ರೆ ತೊಳೆಯಲು ತಿರುಗಿದಳು. ಒಳಗಿನಿಂದ ಅನ್ವಿ ಓಡಿ ಬಂದು ಅವಳ ಸೀರೆ ಹಿಡಿದು ದೋಸೆ ಕೇಳಿತು. ಅದರ ಕೆನ್ನೆ ತುಂಬತೊಡಗಿತ್ತು. ನನಗೆ ಸಂತೋಷವಾಯಿತು. ಅದರ ಜೊತೆಗೇ, ನನಗಾಗಿ ಯಾರೂ ಆ ಜಗಲಿಯಲ್ಲಿ ಹೀಗೆ ಬಂದು ಕೂರಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಆ ಮಗುವಿನ ಮೇಲೂ ಉರಿಯಿತು. ಅದನ್ನೂ ಬರೆದಿಡುತ್ತೇನೆ.

ಆಮೇಲೊಂದು ಭಾನುವಾರ ವೇಣೂರಿನ ಹೆಂಗಸೊಬ್ಬಳು ಬಂದಳು. ಮನೆಯಲ್ಲಿರುವ ಮಗಳಿಗೆ ಊಟ ಮೈಗೆ ಹತ್ತುವುದಿಲ್ಲ, ಗೋಧಿ ಗಂಜಿ ಎಷ್ಟು ಕೊಡಬೇಕು ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಮಾವ ಕೈಯೆತ್ತಿದರು.

"ಕೊಡಬೇಡಮ್ಮ. ಕೊಡ್ತಾ ಇದ್ದರೆ ನೀನಾಗಿ ನಿಲ್ಲಿಸಲೂ ಬೇಡ. ಮೊದಲು ಡಾಕ್ಟರಿಗೆ ತೋರಿಸು. ನಾನು ಒಂದು ಮಗುವಿಗೆ ಕೊಟ್ಟು ತಪ್ಪು ಮಾಡಿದ್ದೇನೆ. ಅದು ಬಾಯಿ ಬಿಟ್ಟು ಹೇಳಿತು. ನಾನು ಕೇಳಲಿಲ್ಲ."

ಹೆಂಗಸು ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯೋ. ಆ ಮಗು ಈಗ ಹೇಗುಂಟು?"

ಮಾವ ನನ್ನನ್ನು ನೋಡಿದರು. ನಾನು ಅವರಿಗೆ ನೆರವಾಗಬಹುದಿತ್ತು. ಆಗಲಿಲ್ಲ. ಬಾಯಿ ಮುಚ್ಚಿ ಕಾದೆ.

"ಇಲ್ಲೇ ಕೂತಿದ್ದಾಳೆ," ಎಂದರು.

ಹೆಂಗಸು ಕತ್ತೆತ್ತಿ ಬೆಂಚುಗಳ ಮೇಲೆ ನೋಡಿದಳು. ಅಂಗಳಕ್ಕೆ ನೋಡಿದಳು. ಬಾಗಿಲ ಸಂದಿಯಲ್ಲಿ ಎಲ್ಲಾದರೂ ಮಗುವೊಂದು ನಿಂತಿದೆಯೇ ಎಂದು ಬಗ್ಗಿ ಒಳಗೂ ಇಣುಕಿದಳು. ಎಲ್ಲಿಯೂ ಕಾಣದೆ, ಕೊನೆಗೆ ಎದುರು ಬೆಂಚಿನಲ್ಲಿ ಕೂತಿದ್ದ ಗಿಡ್ಡ ಮೈಯ, ನರೆಗೂದಲಿನ ನನ್ನ ಮುಖಕ್ಕೆ ಅವಳ ಕಣ್ಣು ಬಂದು ನಿಂತಿತು. ಅವಳಿಗೆ ಅರ್ಥವಾಗುವವರೆಗೂ ಮಾವ ತಲೆ ತಗ್ಗಿಸದೆ ನೋಡುತ್ತಿರಬೇಕಾಯಿತು.

ಅದರ ಮುಂದಿನ ಭಾನುವಾರವೂ ನಾನು ಹೋದೆ.